ಅತ್ತೆ ಕಟ್ಟಿದ ಬೆಲೆ

ಆ ಮನೆಯಲ್ಲಿ ಕನ್ನಡಕದ ಮಾತು ಎದ್ದದ್ದು ಊಟದ ಹೊತ್ತಿನಲ್ಲಿ, ಮಗನ ಹಲ್ಲಿಗೆ ಕಟಕ್ಕೆಂದು ಕಲ್ಲು ಸಿಕ್ಕಾಗ.

"ಅಮ್ಮಾ, ಇವತ್ತು ಅಕ್ಕಿ ಆರಿಸಿದ್ದು ಯಾರು?"

"ನಾನೇ. ಯಾಕೆ, ಹಲ್ಲು ಮುರೀತಾ?"

"ಇನ್ನೂ ಇಲ್ಲ. ಇನ್ನೊಂದು ತುತ್ತು ತಿಂದು ಹೇಳ್ತೀನಿ."

"ಅಂಗಡಿಯವನು ಅಕ್ಕಿ ಜೊತೆ ಕಲ್ಲೂ ತೂಗಿ ಕೊಟ್ರೆ ನಾನೇನಪ್ಪ ಮಾಡ್ಲಿ? ಪುಕ್ಕಟೆ ಸಿಕ್ಕಿದ್ದು ಅಂತ ತಿನ್ನು," ಎಂದು ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸುರಿದರು. ಅದರಲ್ಲಿ ಅರ್ಧ ತಟ್ಟೆಯ ಆಚೆ ಬಿತ್ತು. ಬಿದ್ದದ್ದು ಅವರಿಗೆ ಕಾಣಲಿಲ್ಲ.

ಸೊಸೆ ಬಟ್ಟೆ ತಂದು ನೆಲ ಒರೆಸಿದಳು. ಅವಳು ಕೆಲಸಕ್ಕೆ ಸೇರಿ ಆಗ ಒಂದು ವಾರವಾಗಿತ್ತಷ್ಟೆ. ಹತ್ತಿರದ್ದು ಕಾಣಿಸುವ ಕನ್ನಡಕಕ್ಕೆ ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ. ಬಾಯಿ ತಡೆಯಲಾಗದೆ ಅಂದೇ ಬಿಟ್ಟಳು: "ಅತ್ತೆ, ನೀವೂ ಒಂದ್ಸಲ ಕಣ್ಣು ತೋರಿಸಬಾರದಾ?"

ಉತ್ತರ ಬಂದದ್ದು ಮಾವನಿಂದ. "ಅವಳ ಕಣ್ಣಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ. ಕನ್ನಡಕವಂತೆ, ಕನ್ನಡಕ!"

ಮಾವ ಮನೆಯಲ್ಲಿ ದನಿ ಎತ್ತುವವರಲ್ಲ. ಕನ್ನಡಕದಂಥ ಸಣ್ಣ ವಿಷಯಕ್ಕೆ ಅವರು ಯಾಕೆ ಹಾಗೆ ಕೂಗಿದರೆಂದು ಸೊಸೆಗೆ ಅರ್ಥವಾಗಲಿಲ್ಲ.

"ಕಣ್ಣು ಅಷ್ಟು ಚೆನ್ನಾಗಿದ್ರೆ ಅಂಗಿಗಳು ಯಾಕಪ್ಪ ವಾಪಸ್ ಬರ್ತಿವೆ?" ಎಂದ ಮಗ. ಅವನು ಬೇಕರಿಯ ವ್ಯಾನು ಓಡಿಸುವವನು. ಊರ ತುಂಬ ತಿರುಗುತ್ತಿದ್ದರಿಂದ ಗಿರಾಕಿಗಳ ದೂರೆಲ್ಲ ಮೊದಲು ಅವನ ಕಿವಿಗೇ ಬೀಳುತ್ತಿತ್ತು. "ನಾನು ಹೇಳೋದು ಹೇಳಿದೀನಿ. ಮುಂದಿನ ರೂಮಿಗೆ ಮೊಬೈಲ್ ರಿಪೇರಿಯವನು ತಿಂಗಳಿಗೆ ಮೂರು ಸಾವಿರ ಕೊಡ್ತಾನಂತೆ. ತಿಂಗಳ ಕೊನೆ ಭಾನುವಾರ ಅಡ್ವಾನ್ಸ್ ತರ್ತಾನೆ. ಅಂಗಡಿಯಿಂದ ಅಷ್ಟು ಹುಟ್ಟುತ್ತೆ ಅಂತ ನೀವಿಬ್ರೂ ಎದೆ ಮುಟ್ಟಿ ಹೇಳಿ, ನಾನು ಸುಮ್ಮನಾಗ್ತೀನಿ."

ಯಾರೂ ಎದೆ ಮುಟ್ಟಲಿಲ್ಲ. ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದರು.

ಮುಂದಿನ ರೂಮು ಎಂದರೆ ಅಂಗಡಿ. ಬಾಗಿಲಿಗೆ ಮುಖ ಮಾಡಿ ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿ ಕೂರಲು ಒಂದು ಬೆಂಚು. ಕತ್ತರಿಸುವುದು, ಹೊಲಿಯುವುದು ಮಾವನ ಪಾಲು. ಕಾಜಾ, ಅಂದರೆ ಗುಂಡಿ ತೂರುವ ಕಿಂಡಿಯ ಅಂಚಿಗೆ ಕೈಯಿಂದ ಒತ್ತೊತ್ತಾಗಿ ಹಾಕುವ ಹೊಲಿಗೆ, ಅತ್ತೆಯ ಪಾಲು. ಮೊಮ್ಮಗಳು ಪುಟ್ಟಿ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಒಂದಷ್ಟು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಅವು ಮುಗಿದ ಮೇಲೆ ಅತ್ತೆ ಸಂಜೆಯವರೆಗೆ ಸುಮ್ಮನೆ ಕೂರಬೇಕು. "ಬೆನ್ನು ನೋವು, ಸ್ವಲ್ಪ ಸುಧಾರಿಸ್ಕೊಳ್ತಿದೀನಿ," ಅನ್ನುತ್ತಿದ್ದರು.

ಒಂದು ಕಾಲದಲ್ಲಿ ಆ ಅಂಗಡಿಯ ಅಂಗಿ ಬೇಕೆಂದು ಜನ ಕಾದು ನಿಲ್ಲುತ್ತಿದ್ದರು. ಎರಡು ವರ್ಷದಿಂದ ಏನಾಯಿತೋ, ಕಾಜಾ ಸೊಟ್ಟ, ಗುಂಡಿ ನಿಲ್ಲಲ್ಲ ಎಂದು ಅಂಗಿಗಳು ಒಂದೊಂದಾಗಿ ಮರಳತೊಡಗಿದವು. ಮರಳಿದ್ದನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಮಾವನೇ ಎತ್ತಿಡುತ್ತಿದ್ದರು.

ಸೊಸೆಯ ಹೊಸ ಕೆಲಸ ವಿಚಿತ್ರವಾಗಿತ್ತು. ಮೊದಲ ಸಲ ಹೋದಾಗ ಕಣ್ಣು ಪರೀಕ್ಷಿಸಿ, ಇದಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಬೇಕು. ಆಮೇಲೆ ಕನ್ನಡಕವನ್ನು ಕೆಲವು ದಿನ ಅವರ ಹತ್ತಿರವೇ ಬಿಟ್ಟು, ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಬೇಕು. ಆ ಎರಡನೆಯ ಸಲ ಆಟವಲ್ಲ. ಡಬ್ಬಿಯಲ್ಲಿ ಮುಚ್ಚಿದ ಚೀಟಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಬೆಲೆ. ಮನೆಯವರು ತಾವು ಕೊಡಬಲ್ಲ ಹೆಚ್ಚಿನ ಬೆಲೆ ಹೇಳಿದ ಮೇಲೆ ಚೀಟಿ ಎತ್ತುವುದು. ಚೀಟಿಯ ಬೆಲೆ ಅವರು ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಆ ಕಡಿಮೆ ಬೆಲೆಗೇ ಕನ್ನಡಕ ಅವರದು. ಹೆಚ್ಚಿದ್ದರೆ ಕನ್ನಡಕ ವಾಪಸ್ಸು. ಆಮೇಲೆ ಕಾಲಿಗೆ ಬಿದ್ದರೂ ಕೊಡುವಂತಿಲ್ಲ.

ಆದರೆ ಸೊಸೆಯನ್ನು ಬೆರಗಾಗಿಸಿದ್ದು ಈ ಚೀಟಿಯ ಲೆಕ್ಕವಲ್ಲ. ಕನ್ನಡಕ ಕಿವಿಗೇರಿದ ಕೂಡಲೇ ಜನರ ಮುಖದಲ್ಲಿ ಆಗುತ್ತಿದ್ದದ್ದು. ಒಬ್ಬ ಮುದುಕ ಕಾವಲುಗಾರ ತನ್ನ ಅಂಗೈಯನ್ನೇ ನೋಡುತ್ತ ಕುಳಿತವನು, "ಇದು ನಮ್ಮಪ್ಪನ ಕೈ ಕಣಮ್ಮಾ," ಅಂದ. ಇನ್ನೊಂದು ಮನೆಯಲ್ಲಿ ಗಂಡ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ಹತ್ತಿರ ಕರೆದು ನೋಡಿ, "ಅಯ್ಯೋ, ನಿನಗೂ ವಯಸ್ಸಾಯ್ತಾ!" ಎಂದ. ಅವಳು, "ಕನ್ನಡಕ ಕೊಡಿ ಇಲ್ಲಿ, ನಿಮ್ಮದನ್ನೂ ನೋಡ್ತೀನಿ," ಎಂದು ಕಿತ್ತುಕೊಂಡಳು. ಸೊಸೆ ಮುಂದಿನ ಪ್ರಶ್ನೆಯನ್ನೇ ಮರೆತು ನಿಂತುಬಿಡುತ್ತಿದ್ದಳು. ಎರಡು ಗಾಜಿನ ಚೂರು ಮನುಷ್ಯನನ್ನು ಹೀಗೆ ಮಾಡುತ್ತದೆಂದು ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ಎರಡನೆಯ ವಾರ ಅವರ ಬೀದಿಯ ಸರದಿ ಬಂತು. ಆರಿಸಿದ ಮನೆಗಳಲ್ಲಿ ಅವಳ ಮನೆಯೂ ಇತ್ತು. ಆಫೀಸಿನವರು ಖಡಾಖಂಡಿತವಾಗಿ ಹೇಳಿದರು: ಸ್ವಂತ ಮನೆಗೆ ಅವಳು ಹೋಗುವಂತಿಲ್ಲ, ಬೇರೆ ಹುಡುಗಿ ಹೋಗುತ್ತಾಳೆ. ಎಷ್ಟು ಹೇಳಬೇಕೆಂದು ಮನೆಯವರಿಗೆ ಸನ್ನೆ ಮಾಡಿದರೂ ಕೆಲಸ ಹೋಗುತ್ತದೆ.

ಬಂದವಳು ಗಿಣಿ. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸುತ್ತಾಳೆಂದು ಜೊತೆಯವರೇ ಇಟ್ಟ ಹೆಸರು. ಮನೆಯಲ್ಲಿ ವಯಸ್ಸಾದವರಿಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಆರಿಸಿದಾಗ ಅತ್ತೆಯ ಪಾಳಿ ಬಂತು. ಕಣ್ಣು ಪರೀಕ್ಷೆ ಮುಗಿಸಿ ಗಿಣಿ ಕೇಳಿದಳು: "ಈ ಕನ್ನಡಕಕ್ಕೆ ನೀವು ಹೆಚ್ಚೆಂದರೆ ಎಷ್ಟು ಕೊಡಲು ಸಿದ್ಧರಿದ್ದೀರಿ?"

"ನೀನೆಷ್ಟು ಹೇಳ್ತೀಯ?"

"ನಾನು ಹೇಳೋ ಹಾಗಿಲ್ಲಮ್ಮಾ."

"ಇದೊಳ್ಳೆ ವ್ಯಾಪಾರ ಕಣೆ! ನೀನು ಬೆಲೆ ಹೇಳದಿದ್ರೆ ನಾನು ಯಾವುದರಲ್ಲಿ ಅರ್ಧ ಮಾಡ್ಲಿ?"

ಅತ್ತೆಗೆ ಬೆಲೆ ಕೇಳಿಸಿದ ಕೂಡಲೇ ಅರ್ಧ ಅನ್ನುವುದು ಉಸಿರಾಡಿದಷ್ಟು ಸಹಜ. ಅವರು ದೂರದಲ್ಲಿ ಕಂಡರೆ ಸಾಕು, ತರಕಾರಿಯವನು ಬೆಲೆಯನ್ನು ಎರಡು ಪಟ್ಟು ಮಾಡಿಕೊಂಡು ತಯಾರಾಗುತ್ತಿದ್ದ. ಕೊನೆಗೆ ಅತ್ತೆ ದೊಡ್ಡ ಮನಸ್ಸು ಮಾಡಿ, "ಇಪ್ಪತ್ತು," ಅಂದರು.

"ಇಪ್ಪತ್ತೂ ದಂಡ," ಎಂದು ಗೊಣಗಿ, ಹೊಲಿದ ಅಂಗಿಗಳ ಚೀಲ ಹೆಗಲಿಗೆ ಹಾಕಿಕೊಂಡು ಮಾವ ಮಹಡಿ ಹತ್ತಿದರು. ಬೆಳಕು ಚೆನ್ನಾಗಿದೆ, ಇಸ್ತ್ರಿಗೆ ಮುಂಚೆ ಎಲ್ಲ ಒಂದ್ಸಲ ನೋಡ್ತೀನಿ ಎಂಬುದು ಅವರ ದಿನನಿತ್ಯದ ಮಾತು.

ಗಿಣಿ ಕನ್ನಡಕ ತೊಡಿಸಿದಳು. ಅತ್ತೆ ಮೊದಲು ನೋಡಿದ್ದು ತೊಡೆಯ ಮೇಲೆ ಬಿದ್ದಿದ್ದ ದಾರದ ತುಂಡನ್ನು. ಎತ್ತಿ ಕಣ್ಣ ಮುಂದೆ ಹಿಡಿದರು.

"ಇದು ಮೂರೆಳೆ," ಎಂದರು ಮೆಲ್ಲಗೆ. "ಸುತ್ತಿರೋದು ಕಾಣ್ತಿದೆ."

ಪುಟ್ಟಿ ಓಡಿ ಬಂದು ಅವರ ಮೊಣಕಾಲಿಗೆ ಆತುಕೊಂಡಳು. ಅತ್ತೆ ಅವಳ ಗಲ್ಲ ಹಿಡಿದೆತ್ತಿ ನೋಡಿದರು. ನೋಡಿದರು, ಇನ್ನೂ ನೋಡಿದರು. "ಇವಳ ರೆಪ್ಪೆ ಇಷ್ಟುದ್ದ ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲೇ," ಎಂದರು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ಮನೆಯಲ್ಲಿ ಇದನ್ನೇ ಕಂಡಿದ್ದವಳು ತನ್ನ ಮನೆಯಲ್ಲಿ ಕಂಡಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಆ ಭಾವುಕತೆ ಒಲೆಯವರೆಗೂ ಬಾಳಲಿಲ್ಲ. ಅತ್ತೆ ಕನ್ನಡಕ ಸಮೇತ ಅಡುಗೆಮನೆ ಹೊಕ್ಕರು.

"ಈ ಲೋಟ ತೊಳೆದದ್ದಾ, ಇನ್ನು ತೊಳೆಯೋದಾ?"

"ತೊಳೆದದ್ದು ಅತ್ತೆ."

"ನೀರಿಗೆ ತೋರಿಸಿದ್ದು ಅನ್ನು. ಒಲೆ ಹಿಂದೆ ಇದೇನೆ, ಗೋಡೆಗೆ ಎಣ್ಣೆ ಸ್ನಾನ ಮಾಡ್ಸಿದ್ಯಾ?"

ಅಲ್ಲಿಂದ ಮುಂದೆ ಮನೆಯಲ್ಲಿ ಯಾರಿಗೂ ಉಸಿರಾಡಲು ಬಿಡುವಿಲ್ಲ. ಡಬ್ಬಿಗಳೆಲ್ಲ ಕೆಳಗಿಳಿದವು. ಅಕ್ಕಿಯಿಂದ ಹೊರಬಿದ್ದ ಕಲ್ಲುಗಳನ್ನು ಅತ್ತೆ ಬಟ್ಟಲಲ್ಲಿ ಕೂಡಿಟ್ಟು ಮಗನಿಗೆ ತೋರಿಸಿ, "ಇಷ್ಟನ್ನೂ ಅರಗಿಸ್ಕೊಂಡ್ಯಲ್ಲೋ, ಗಟ್ಟಿ ಹೊಟ್ಟೆ ನಿಂದು," ಎಂದರು. "ಅಮ್ಮನಿಗೆ ಕಣ್ಣು ಬಂತು, ನಮಗೆ ಕಣ್ಣುಕಣ್ಣು ಬಿಡೋ ಹಾಗಾಯ್ತು," ಎಂದು ಮಗ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದ. ಆದರೆ ಅವನೂ ಬೇಕರಿಯಿಂದ ತಂದ ಬ್ರೆಡ್ಡನ್ನು ಅಮ್ಮನ ಕೈಗೆ ಕೊಟ್ಟು, ಬೂಷ್ಟಿದೆಯಾ ನೋಡಮ್ಮ ಎಂದು ಕೇಳತೊಡಗಿದ್ದ.

ಒಬ್ಬ ಮಾವ ಮಾತ್ರ ಕುದಿಯುವ ನೀರಿನಲ್ಲಿ ಕಾಲಿಟ್ಟವರಂತೆ ಚಡಪಡಿಸುತ್ತಿದ್ದರು. ಕನ್ನಡಕಕ್ಕೆ ಮುಂಚೆ ಹೊಲಿದ ಅಂಗಿಯೊಂದೂ ಅತ್ತೆಯ ಕೈಗೆ ಸಿಗದಂತೆ ಚೀಲ ಹೊತ್ತು ಓಡಾಡುತ್ತಿದ್ದರು. ಅತ್ತೆ, "ಅದರಲ್ಲೇನು ನಿಧಿ ಇದೆಯೇನ್ರೀ?" ಎಂದು ಕೇಳಿದರೆ, "ಕೆಲಸ ನೋಡೇ ಸುಮ್ನೆ," ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಾವ ದಾರ ತರಲು ಪೇಟೆಗೆ ಹೋಗಿದ್ದರು. ಆಗಲೇ ಬೇಕರಿಯ ಯಜಮಾನನ ಆಳು ಬಂದು ನೀಲಿ ಅಂಗಿ ಆಗಿದೆಯಾ ಎಂದು ಕೇಳಿದ. ಅತ್ತೆ ಮೇಜಿನಡಿಯ ಚೀಲಕ್ಕೆ ಕೈ ಹಾಕಿ ಅಂಗಿ ಎಳೆದರು. ಅವನಿಗೆ ಕೊಡಲು ಮಡಚುತ್ತಿದ್ದವರು ತಟ್ಟನೆ ನಿಂತರು.

"ನಾಳೆ ಬಾರಪ್ಪ," ಎಂದು ಅವನನ್ನು ಸಾಗಹಾಕಿ ಸೊಸೆಯನ್ನು ಕೂಗಿದರು. "ಬಾ ಇಲ್ಲಿ. ನಿನ್ನ ಕಣ್ಣು ಎಳೇದು. ನೀನು ನೋಡಿ ಹೇಳು."

ಅಂಗಿಯ ಎದೆಯ ಮೇಲೆ ಸಾಲಾಗಿ ಆರು ಕಾಜಾ. ಕೆಳಗಿನ ಮೂರು, ಅಕ್ಕಿಕಾಳು ಒಂದರ ಪಕ್ಕ ಒಂದು ಜೋಡಿಸಿಟ್ಟಂತೆ ಒಂದೇ ಅಳತೆ, ಒಂದೇ ಬಿಗಿ. ಮೇಲಿನ ಮೂರು ಕೋಳಿ ಕೆದರಿದ ಹಾಗಿದ್ದವು. ಅವುಗಳ ಸುತ್ತ ಹಳೆಯ ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತು.

"ಇದು ಕನ್ನಡಕ ಬರೋಕೆ ಮುಂಚೆ ನಾನು ಹಾಕಿದ್ದು," ಎಂದರು ಅತ್ತೆ. "ನೀಲಿ ಬಟ್ಟೆ, ನೀಲಿ ದಾರ. ನನಗೆ ಬಟ್ಟೆ ಎಲ್ಲಿ, ದಾರ ಎಲ್ಲಿ ಒಂದೂ ಕಾಣ್ತಿರಲಿಲ್ಲ. ಬೆರಳಲ್ಲೇ ತಡವಿಕೊಂಡು ಹಾಕಿದ್ದೆ. ಸೊಟ್ಟಂಬಟ್ಟ ಆಗಿರುತ್ತೆ, ಯಾರೂ ಹೇಳ್ತಿಲ್ಲ ಅಷ್ಟೆ, ಅಂದ್ಕೊಂಡಿದ್ದೆ."

ಅವರು ಕೆಳಗಿನ ಕಾಜಾಗಳ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಬೆರಳನ್ನೇ ಕನ್ನಡಕದ ಹತ್ತಿರ ತಂದು, ಬೇರೆ ಯಾರದೋ ಎಂಬಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ಈ ಕೈಯೇ ಮಾಡಿದ್ದೇನೇ?"

"ನಿಮ್ಮ ಕೈಯೇ ಅತ್ತೆ," ಎಂದಳು ಸೊಸೆ. ಏನೂ ಕಾಣದೆ, ಯಾರೂ ಮೆಚ್ಚದೆ, ಎರಡು ವರ್ಷ ಆ ಬೆರಳುಗಳು ಒಂದು ಹೊಲಿಗೆಯೂ ತಪ್ಪದಂತೆ ನಡೆದಿದ್ದವು.

"ಹಾಗಾದ್ರೆ ಮೇಲಿಂದು?" ಎಂದರು ಅತ್ತೆ. ಉತ್ತರ ಅವರಿಗೇ ಹೊಳೆಯಿತು. ಮಹಡಿಯ ಮೆಟ್ಟಿಲ ಕಡೆ ತಿರುಗಿದರು.

ಮಾವ ದಾರದ ಪೊಟ್ಟಣ ಹಿಡಿದು ಒಳಗೆ ಕಾಲಿಡುತ್ತಿದ್ದಂತೆ ಅಂಗಿ ಅವರ ಮುಖದೆದುರು ಬಂತು.

"ಇದನ್ನ ಬಿಚ್ಚಿದ್ದು ಯಾರು?"

ಮಾವ ಪೊಟ್ಟಣ ಕೆಳಗಿಟ್ಟರು. "ನಾನೇ. ಎರಡು ವರ್ಷದಿಂದ ನಾನೇ ಬಿಚ್ಚಿ ಹಾಕ್ತಿದೀನಿ. ಇದರಲ್ಲಿ ಕೆಳಗಿನ ಮೂರು ಇನ್ನೂ ಬಾಕಿ. ಒಬ್ಬ ಗಿರಾಕಿ ಕಾಜಾ ಬಿಗಿ ಅಂದ. ನೋಡಿದೆ, ಎಲ್ಲಾ ಮಸುಕು ಮಸುಕಾಗಿತ್ತು. ನಿನಗೆ ಕಣ್ಣು ಹೋಯ್ತು ಅಂತ ಗೊತ್ತಾಯ್ತು. ಹೇಳಿದ್ರೆ ನೊಂದ್ಕೊಳ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಅಂಗಡಿ ಯಾರಾದ್ರೂ ಉಳಿಸಬೇಕಲ್ಲ!"

"ಮಸುಕಾಗಿದ್ದು ಕಾಜಾ ಅಲ್ಲಾರೀ, ನಿಮ್ಮ ಕಣ್ಣು! ನೀವು ಬಿಚ್ಚೋಕೆ ಶುರುಮಾಡಿದ ಮೇಲೇ ಅಂಗಿ ವಾಪಸ್ ಬರೋಕೆ ಶುರುವಾಗಿದ್ದು!"

"ಹೋಗೇ. ನನ್ನ ಹೊಲಿಗೆ ಗೆರೆ ಎಳೆದ ಹಾಗಿದೆ."

"ಕೋಳಿ ಎಳೆದ ಗೆರೆ! ತಗೊಳ್ಳಿ, ಇದನ್ನ ಹಾಕ್ಕೊಂಡು ನೋಡಿ."

"ನಾನ್ಯಾಕೆ ಹಾಕ್ಕೊಳ್ಳಲಿ? ನಿನಗೆ ಸೂಜಿ ಹಿಡಿಯೋದು ಕಲಿಸಿದವನು ನಾನು. ಪರೀಕ್ಷೆ ಮಾಡೋಕೆ ಬಂದ್ಯಾ?"

ದೂರು ಬಂದಷ್ಟೂ ಮಾವ ಬಿಚ್ಚಿದ್ದರು, ಬಿಚ್ಚಿದಷ್ಟೂ ದೂರು ಬಂದಿತ್ತು. ಪಾಪ, ಒಳ್ಳೆಯದನ್ನು ಮಾಡುತ್ತಿದ್ದೇನೆಂದೇ ಬಿಸಿಲಲ್ಲಿ ಕೂತು ಕಣ್ಣು ಸುಟ್ಟುಕೊಂಡಿದ್ದರು. ಸೊಸೆಗೆ ನಗು ಬಂತು, ಅಳುವೂ ಬಂತು. ಯಾವುದನ್ನೂ ಹೊರಗೆ ಬಿಡುವಂತಿರಲಿಲ್ಲ.

ಅಂದಿನಿಂದ ಅತ್ತೆ ಸೂಜಿ ಮುಟ್ಟಲಿಲ್ಲ. "ಬಿಚ್ಚೋರಿಗೆ ಯಾರು ಹಾಕ್ಕೊಡ್ತಾರೆ?" ಅಂದರು. ಊಟಕ್ಕೆ ಬಡಿಸುತ್ತಿದ್ದರು, ಮಾತಿಲ್ಲ. "ಪುಟ್ಟೀ, ನಿಮ್ಮ ತಾತನಿಗೆ ಬೇಳೆ ಬೇಕಾ ಕೇಳು." "ಪುಟ್ಟೀ, ಬೇಡ ಅಂತ ಹೇಳು." ಪುಟ್ಟಿಗೆ ಈ ಅಂಚೆ ಕೆಲಸ ಖುಷಿ ಕೊಟ್ಟಿತು. ಮೇಜಿನ ಮೇಲೆ ಕಾಜಾ ಇಲ್ಲದ ಅಂಗಿಗಳು ಗುಡ್ಡೆಯಾದವು. ಮಗ ಅದನ್ನು ನೋಡಿ, "ಇನ್ನೇನಿದೆ? ಸಾಯಂಕಾಲ ಮೊಬೈಲಿನವನು ಬರ್ತಾನೆ, ಮಾತು ಮುಗಿಸಿಬಿಡೋಣ," ಎಂದ. ಆ ದಿನ ತಿಂಗಳ ಕೊನೆಯ ಭಾನುವಾರ. ಬೆಳಿಗ್ಗೆಯೇ ಗಿಣಿ ಚೀಟಿಯ ಡಬ್ಬಿ ಹಿಡಿದು ಎರಡನೆಯ ಸಲ ಬಂದಳು.

ಸೊಸೆಗೆ ತಳಮಳ. ಅತ್ತೆ ಹತ್ತೋ ಇಪ್ಪತ್ತೋ ಅಂದರೆ ಮುಗಿಯಿತು, ಕನ್ನಡಕ ಹೋಗುತ್ತದೆ. ಅದಿಲ್ಲದೆ ಅತ್ತೆ ತಮ್ಮ ಕೈಯನ್ನು ತಾವೇ ಮತ್ತೆ ಅನುಮಾನಿಸುತ್ತಾರೆ, ಮಾವ ಬಿಚ್ಚುತ್ತಲೇ ಇರುತ್ತಾರೆ, ಅಂಗಡಿ ಹೋಗುತ್ತದೆ. ನಿಜವಾಗಿ ಕೊಡುವಷ್ಟನ್ನೇ ಹೇಳಿ ಅತ್ತೆ, ಅರ್ಧ ಮಾಡಬೇಡಿ ಎಂದು ಕೂಗಬೇಕೆನಿಸಿತು. ತುಟಿ ಕಚ್ಚಿಕೊಂಡು ಗೋಡೆಗೆ ಒರಗಿದಳು.

ಮೊದಲು ಅಭ್ಯಾಸಕ್ಕೆಂದು ಗಿಣಿ ಒಂದು ಸಾಬೂನು ತೆಗೆದಳು. ಅತ್ತೆ ಅಭ್ಯಾಸಬಲದಿಂದ, "ಐದು," ಎಂದರು. ಚೀಟಿಯಲ್ಲಿ ಎಂಟು ಬಂತು. ಸಾಬೂನು ಚೀಲಕ್ಕೆ ಮರಳಿತು.

"ಸರಿ ಕಣೆ, ಎಂಟೇ ಇಟ್ಕೊ, ಕೊಡು."

"ಆಗಲ್ಲಮ್ಮಾ. ಒಂದು ಸಲ ಹೇಳಿದ ಬೆಲೆಯನ್ನು ಬದಲಾಯಿಸುವಂತಿಲ್ಲ."

"ಅಯ್ಯೋ, ಇದೆಂಥ ಕಟುಕರ ವ್ಯಾಪಾರ!"

"ಈಗ ಕನ್ನಡಕ," ಎಂದಳು ಗಿಣಿ. "ಹೆಚ್ಚೆಂದರೆ ಎಷ್ಟು ಕೊಡಲು ಸಿದ್ಧರಿದ್ದೀರಿ?"

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮುಂದಿನ ರೂಮಿನಲ್ಲಿ ಮಾವನ ಕತ್ತರಿ ಕರ್ ಕರ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಅತ್ತೆ ಆ ಸದ್ದನ್ನೇ ಕೇಳುತ್ತ ಕುಳಿತರು. ಆಮೇಲೆ ಮಗನ ಕಡೆ ತಿರುಗಿ, "ಆ ಮೊಬೈಲಿನವನು ತಿಂಗಳಿಗೆ ಎಷ್ಟು ಕೊಡ್ತೀನಿ ಅಂದ?" ಎಂದು ಕೇಳಿದರು.

"ಮೂರು ಸಾವಿರ. ಅದ್ಯಾಕೆ ಈಗ?"

"ಬರ್ಕೊಳಮ್ಮ. ಮೂರು ಸಾವಿರ."

ಕತ್ತರಿಯ ಸದ್ದು ನಿಂತಿತು. ಗಿಣಿ ಕಾಗದದಲ್ಲಿ ಇಲ್ಲದ ಪ್ರಶ್ನೆಯನ್ನು ಅವತ್ತು ಮೊದಲ ಸಲ ಕೇಳಿದಳು: "ಅಮ್ಮಾ, ಮುನ್ನೂರಾ?"

"ಕಿವಿ ಸರಿಯಿದೆ ತಾನೆ? ಮೂರು ಸಾವಿರ."

"ಅಮ್ಮಾ, ನಿನಗೇನು ತಲೆಗಿಲೆ ಕೆಟ್ಟಿದೆಯಾ?" ಮಗ ಎದ್ದು ನಿಂತ. "ಅಷ್ಟು ದುಡ್ಡು ಎಲ್ಲಿಂದ ತರ್ತೀಯ?"

"ಕಾಜಾ ಹಾಕಿ ತರ್ತೀನಿ ಕಣೋ. ನನ್ನ ಕೈ ಕೆಟ್ಟುಹೋಯ್ತು ಅಂತ ಎರಡು ವರ್ಷ ಒಳಗೊಳಗೇ ಸತ್ತಿದೀನಿ ನಾನು. ಕೆಟ್ಟಿಲ್ಲ ಅಂತ ತೋರಿಸಿಕೊಟ್ಟಿದ್ದು ಇದು. ಇದಕ್ಕೆ ಚೌಕಾಸಿ ಮಾಡಲ್ಲ."

ಸೊಸೆ ಎಷ್ಟು ಮನೆ ತಿರುಗಿದ್ದಳು. ಒಂದು ದಿನದ ಕೂಲಿ, ಎರಡು ದಿನದ ಕೂಲಿ ಎಂದವರನ್ನು ಕಂಡಿದ್ದಳು. ಇಂಥ ಬೆಲೆ ಹೇಳಿದವರನ್ನು ಕಂಡಿರಲಿಲ್ಲ. ಒಂದು ಹಿಡಿ ಕೊತ್ತಂಬರಿಗೆ ಕಾಲು ಗಂಟೆ ಜಗಳವಾಡುವ ಈ ಹೆಂಗಸಿನ ಒಳಗೆ ಇಷ್ಟು ದೊಡ್ಡ ಸಂಖ್ಯೆ ಎಲ್ಲಿತ್ತೆಂದು ಅವಳು ಅತ್ತೆಯನ್ನೇ ನೋಡಿದಳು.

ಗಿಣಿ ಡಬ್ಬಿ ಮುಂದೆ ಹಿಡಿದಳು. ಅತ್ತೆ ಕೈ ಹಾಕಿ ಚೀಟಿ ಎತ್ತಿ, ಕನ್ನಡಕ ಏರಿಸಿಕೊಂಡು ತಾವೇ ಓದಿದರು. "ಅರವತ್ತು."

ಮಗ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಸೆರಗಿನ ಗಂಟು ಬಿಚ್ಚಿ ಅರವತ್ತು ಎಣಿಸಿ ಕೊಟ್ಟರು. ಮೂವತ್ತಕ್ಕೆ ಕೊಡ್ತೀಯಾ ಎಂದು ಕೇಳಲೇ ಇಲ್ಲ.

ಗಿಣಿ ಹೋದ ಮೇಲೆ ಸೊಸೆಯ ಬಾಯಿಗೆ ಬಿಡುಗಡೆಯಾಯಿತು. "ರೀ, ಮೊಬೈಲಿನವನಿಗೆ ಏನು ಹೇಳ್ತೀರಿ?"

ಮಗ ತಲೆ ಕೆರೆದುಕೊಂಡ. "ಏನು ಹೇಳೋದು? ಕಾಜಾ ಹಾಕಿ ಅಷ್ಟು ತರ್ತೀನಿ ಅಂತ ಅಮ್ಮ ಹೇಳಿಯಾಯ್ತಲ್ಲ. ರೂಮು ಖಾಲಿ ಇಲ್ಲ ಅಂತೀನಿ." ಅವನು ಫೋನು ಹಿಡಿದು ಬೀದಿಗೆ ಇಳಿದ.

ಅತ್ತೆ ಮುಂದಿನ ರೂಮಿಗೆ ಹೋದರು. ಸೊಸೆ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಮಾವ ಕತ್ತರಿಯನ್ನು ಬಟ್ಟೆಯ ನಡುವೆಯೇ ಬಿಟ್ಟು ಸುಮ್ಮನೆ ಕುಳಿತಿದ್ದರು. ಆ ಸಂಖ್ಯೆ ಅವರಿಗೂ ಕೇಳಿಸಿತ್ತು.

"ರೀ, ಈ ಕಡೆ ತಿರುಗಿ," ಎಂದರು ಅತ್ತೆ. ಎಷ್ಟೋ ದಿನಗಳ ಮೇಲೆ ಪುಟ್ಟಿಯ ಅಂಚೆಯಿಲ್ಲದೆ ಬಂದ ಮಾತು.

ಮಾವ ತಿರುಗಿದರು. ಈ ಸಲ ಬೇಡವೆನ್ನಲಿಲ್ಲ. ಅತ್ತೆ ಕನ್ನಡಕವನ್ನು ಅವರ ಮೂಗಿಗೇರಿಸಿ, ನೀಲಿ ಅಂಗಿಯನ್ನು ತೊಡೆಯ ಮೇಲೆ ಹರಡಿದರು.

ಮಾವ ಮೇಲಿನ ಮೂರು ಕಾಜಾ ನೋಡಿದರು. ಅವರ ಕಿವಿ ಕೆಂಪಾಯಿತು. ಬೆರಳು ಕೆಳಗಿಳಿಯಿತು. ನಾಲ್ಕನೆಯದು, ಐದನೆಯದು, ಆರನೆಯದು. ಅಲ್ಲಿಂದ ಮತ್ತೆ ನಾಲ್ಕನೆಯದಕ್ಕೆ ಬಂದರು. ಅಂಗಿಯನ್ನು ಬೆಳಕಿಗೆ ಹಿಡಿದು, ಹಿಂಬದಿ ತಿರುಗಿಸಿ, ಹೊಸದಾಗಿ ಕೆಲಸ ಕಲಿಯಲು ಬಂದವರಂತೆ ಒಂದೊಂದೇ ಎಳೆ ನೋಡಿದರು. ಬಹಳ ಹೊತ್ತಾದ ಮೇಲೆ ತಲೆ ಎತ್ತಿದರು. ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ, ಒದ್ದೆಯಾಗಿ ಕಾಣುತ್ತಿತ್ತು.

"ಯಾವಾಗಿಂದ ಇಷ್ಟು ಚೆನ್ನಾಗಿ ಹಾಕ್ತಿದ್ದೀಯ?" ಎಂದು ಕೇಳಿದರು.

"ಮೊದಲಿಂದ," ಎಂದರು ಅತ್ತೆ.